ಫ್ಲಾರೆನ್ಸ್‌ನಿಂದ ಬಾಡಿಗೆ ಕಾರಿನಲ್ಲಿ ವೊಲ್ತೆರಾ: ಓಡಿಸೋದು ಸುಲಭ, ನಿಲ್ಲಿಸೋದು ಗೊತ್ತಿರಬೇಕು

ಪ್ರಶ್ನೆ: ನಾವು ಐದು ಜನ. ನಾನು, ಹೆಂಡತಿ, ಆರು ವರ್ಷದ ಮಗಳು, ಅಪ್ಪ, ಅಮ್ಮ. ಮೇ ಕೊನೆಯಲ್ಲಿ ಫ್ಲಾರೆನ್ಸ್‌ನಲ್ಲಿ ನಾಲ್ಕು ದಿನ ಇರುತ್ತೇವೆ. ಒಂದು ದಿನ ಬಾಡಿಗೆ ಕಾರು ತಗೊಂಡು ಪೀಸಾ, ಸಿಯೆನಾ, ಸಾನ್ ಜಿಮಿನ್ಯಾನೊ, ವೊಲ್ತೆರಾ ನಾಲ್ಕೂ ನೋಡಿ ರಾತ್ರಿ ವಾಪಸ್ ಬರುವ ಯೋಚನೆ. ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಇದು ಆಗುತ್ತಾ? ಇಟಲಿಯಲ್ಲಿ ದಂಡ ಹಾಕುತ್ತಾರೆ ಅಂತ ಎಲ್ಲರೂ ಹೆದರಿಸುತ್ತಾರೆ. ಅಪ್ಪನಿಗೆ ಮಂಡಿ ನೋವು, ಮನೆಯವರೆಲ್ಲ ಸಸ್ಯಾಹಾರಿಗಳು.

ಉತ್ತರ: ನಾಲ್ಕು ಊರು ಆಗಲ್ಲ. ಆಗುತ್ತೆ ಅಂತ ಹಟ ಹಿಡಿದರೆ ನಾಲ್ಕು ಪಾರ್ಕಿಂಗ್ ನೋಡಿಕೊಂಡು ಬರುತ್ತೀರಿ, ಅಷ್ಟೇ. ಗೂಗಲ್ ಮ್ಯಾಪ್ ಒಂದೂವರೆ ಗಂಟೆ ಅಂದರೆ ಅದು ಕಾರಿನ ಲೆಕ್ಕ. ಪಾರ್ಕಿಂಗ್ ಹುಡುಕೋದು, ಮಗಳನ್ನು ಶೌಚಾಲಯಕ್ಕೆ ಕರೆದೊಯ್ಯೋದು, ಅಪ್ಪ ಮೆಟ್ಟಿಲ ಹತ್ತಿರ ಎರಡು ನಿಮಿಷ ಕೂರೋದು, ಇದ್ಯಾವುದೂ ಆ ಲೆಕ್ಕದಲ್ಲಿ ಇಲ್ಲ.

ಪೀಸಾ ಮತ್ತು ಸಿಯೆನಾವನ್ನು ಕಾರಿನ ಪಟ್ಟಿಯಿಂದ ಈಗಲೇ ತೆಗೆದುಬಿಡಿ. ಪೀಸಾಗೆ ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಿಂದ ರೈಲು ಇದೆ, ಸುಮಾರು ಒಂದು ಗಂಟೆ ಸಾಕು. ಸಿಯೆನಾಗೂ ಬಸ್ಸು, ರೈಲು ಎರಡೂ ಇವೆ, ಒಂದೂವರೆ ಗಂಟೆ ಹತ್ತಿರ ಹಿಡಿಯುತ್ತದೆ. ರೈಲು ಇರುವ ಊರಿಗೆ ಕಾರಿನಲ್ಲಿ ಹೋಗೋದು ಅಂದರೆ ದುಡ್ಡು ಕೊಟ್ಟು ತಲೆನೋವು ತಂದುಕೊಂಡ ಹಾಗೆ. ಬೆಟ್ಟದ ಮೇಲಿನ ಹಳೆ ಊರು ವೊಲ್ತೆರಾದ ಕತೆ ಬೇರೆ. ಫ್ಲಾರೆನ್ಸ್‌ನಿಂದ ಬಸ್ಸಿನಲ್ಲಿ ಹೋದರೆ ದಾರಿಯಲ್ಲಿ ಕೊಲ್ಲೆ ದಿ ವಾಲ್ ದೆಲ್ಸಾದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಹತ್ತಿರದ ರೈಲು ನಿಲ್ದಾಣ ಬೆಟ್ಟದ ಕೆಳಗೆ, ಸಾಲಿನೆ ಅನ್ನೋ ಊರಲ್ಲಿದೆ. ಇಂಥ ಕಡೆಗೇ ಬಾಡಿಗೆ ಕಾರು ಬೇಕಾಗೋದು. ಹಾಗಾಗಿ ನನ್ನ ಸಲಹೆ ಇಷ್ಟು: ದಿನವನ್ನು ವೊಲ್ತೆರಾಗೆ ಕೊಡಿ, ವಾಪಸ್ ಬರುವಾಗ ಮೈಯಲ್ಲಿ ಶಕ್ತಿ ಉಳಿದಿದ್ದರೆ ಸಾನ್ ಜಿಮಿನ್ಯಾನೊದಲ್ಲಿ ಎರಡು ಗಂಟೆ ಇಳಿಯಿರಿ.

ಇನ್ನು ದಂಡದ ವಿಷಯ. ಹೆದರಿಸಿದವರು ಸುಳ್ಳು ಹೇಳಿಲ್ಲ, ಆದರೆ ಪೂರ್ತಿ ಹೇಳಿರಲಿಕ್ಕಿಲ್ಲ. ಇಟಲಿಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದು ದಂಡ ಹಾಕೋದು ನಮ್ಮಂಥ ಪ್ರವಾಸಿಗಳ ಪಾಲಿಗೆ ಅಪರೂಪ. ದಂಡ ಹಾಕೋದು ಕ್ಯಾಮೆರಾ. ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನ ಗಾಡಿ ಬರುವ ಹಾಗಿಲ್ಲ. ಅದಕ್ಕೆ ಅಲ್ಲಿನ ಹೆಸರು ‘ಝೋನಾ ಆ ತ್ರಾಫಿಕೊ ಲಿಮಿತಾತೊ’, ಚಿಕ್ಕದಾಗಿ ಝಡ್‌ಟಿಎಲ್. ಒಳಗೆ ಮನೆ ಇರುವವರು, ಅಂಗಡಿಗೆ ಸಾಮಾನು ತರುವವರು, ಇಂಥವರಿಗೆ ಮಾತ್ರ ಪರವಾನಗಿ. ಬೀದಿಯ ಬಾಯಲ್ಲಿ ಕೆಂಪು ಅಂಚಿನ ಬಿಳಿ ದುಂಡು ಫಲಕ ಇರುತ್ತದೆ, ಅದರ ಮೇಲೆ ಒಂದು ಪುಟ್ಟ ಕ್ಯಾಮೆರಾ. ಗೇಟು ಇಲ್ಲ, ಸರಪಳಿ ಇಲ್ಲ, ಕಾವಲುಗಾರ ಇಲ್ಲ. ಸುಮ್ನೆ ಒಳಗೆ ಹೋಗಿಬಿಡಬಹುದು. ಹೋದದ್ದು ಗೊತ್ತಾಗೋದು ತಿಂಗಳುಗಳು ಕಳೆದ ಮೇಲೆ.

ಕೆಲವು ಕಡೆ ಫಲಕದ ಜೊತೆ ಮಿನುಗುವ ಬೋರ್ಡೂ ಇರುತ್ತದೆ. ಅದರಲ್ಲಿ ‘ವಾರ್ಕೊ ಅತ್ತೀವೊ’ ಅಂತ ಬರುತ್ತದೆ. ಅತ್ತೀವೊ ಅಂದರೆ ಆಕ್ಟಿವ್, ಸರಿ ಹಾಗಾದರೆ ದಾರಿ ತೆರೆದಿದೆ ಅಂತ ಅಂದುಕೊಂಡು ನುಗ್ಗಿದವರಲ್ಲಿ ನಾನೂ ಒಬ್ಬ. ಅದರ ಅರ್ಥ ಉಲ್ಟಾ. ಆಕ್ಟಿವ್ ಆಗಿರೋದು ಕ್ಯಾಮೆರಾ, ಅಂದರೆ ಒಳಗೆ ಹೋಗಬೇಡಿ ಅಂತ. ಮುಂದೆ ‘ನಾನ್’ ಅನ್ನೋ ಪದ ಸೇರಿದ್ದರೆ ಮಾತ್ರ ಆ ಹೊತ್ತಿಗೆ ಹೋಗಬಹುದು. ನಾನು ಇಟಲಿಗೆ ಬಂದ ಹೊಸತರಲ್ಲಿ ಒಂದು ಊರಲ್ಲಿ ಹೋಟೆಲ್ ಹುಡುಕುತ್ತಾ ಒಂದೇ ಬೀದಿಗೆ ಮೂರು ಸುತ್ತು ಹಾಕಿದ್ದೆ. ಮೂರು ಸುತ್ತಿಗೆ ಮೂರು ದಂಡ. ಮೊದಲು ಬಾಡಿಗೆ ಕಂಪನಿಯವರು ನನ್ನ ವಿಳಾಸವನ್ನು ಪೊಲೀಸರಿಗೆ ಕೊಟ್ಟಿದ್ದಕ್ಕೆ ಅಂತಲೇ ಕಾರ್ಡಿನಿಂದ ಮೂರು ಸಲ ದುಡ್ಡು ಎಳೆದರು. ಅದನ್ನೇ ದಂಡ ಅಂದುಕೊಂಡು ಬೈದು ಸುಮ್ಮನಾದೆ. ಏಳು ತಿಂಗಳಾದ ಮೇಲೆ ಹಸಿರು ಪಟ್ಟಿಯ ಲಕೋಟೆಗಳು ಬಂದವು, ಒಂದರ ಹಿಂದೆ ಒಂದು, ನಿಜವಾದ ದಂಡ ಹೊತ್ತುಕೊಂಡು. ಪ್ರತಿಯೊಂದರಲ್ಲೂ ನಿಮಿಷದ ಲೆಕ್ಕ ಸಹಿತ ನನ್ನ ಗಾಡಿ ನಂಬರು. ಮೊದಲ ಮತ್ತು ಮೂರನೆಯ ಸುತ್ತಿನ ನಡುವೆ ಇದ್ದದ್ದು ಹನ್ನೊಂದು ನಿಮಿಷ!

ಇದು ನಿಮಗೂ ಆಗಬಹುದು. ಹೊರದೇಶದವರಿಗೆ ನೋಟಿಸು ಕಳಿಸಲು ಅವರಿಗೆ 360 ದಿನಗಳ ಕಾಲಾವಕಾಶ ಇದೆ. ಬಂದರೆ ಮೂಲೆಗೆ ಹಾಕಬೇಡಿ. ಕೈಗೆ ಸಿಕ್ಕ ಐದು ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ 30 ಪರ್ಸೆಂಟ್ ಕಡಿಮೆ.

ತಪ್ಪಿಸಿಕೊಳ್ಳುವ ದಾರಿ ತುಂಬಾ ಸರಳ. ಮ್ಯಾಪಿನಲ್ಲಿ ಊರಿನ ಹೆಸರನ್ನೋ ಚರ್ಚಿನ ಹೆಸರನ್ನೋ ಹಾಕಬೇಡಿ, ಪಾರ್ಕಿಂಗ್ ಜಾಗದ ಹೆಸರು ಹಾಕಿ. ವೊಲ್ತೆರಾ ಅಂತ ಹಾಕಿದರೆ ಮ್ಯಾಪು ನಿಮ್ಮನ್ನು ಪಾಪ ನಿಯತ್ತಾಗಿ ಊರ ನಡುವಿನ ಚೌಕಕ್ಕೇ ಕರೆದುಕೊಂಡು ಹೋಗಲು ನೋಡುತ್ತದೆ. ಕೋಟೆ ಗೋಡೆ ಕಂಡಿತಾ, ಕಾರು ಅಲ್ಲೇ ಹೊರಗೆ ಬಿಡಬೇಕು. ಟಸ್ಕನಿಯ, ಅಂದರೆ ಫ್ಲಾರೆನ್ಸ್ ಸುತ್ತಲಿನ ಈ ಪ್ರಾಂತ್ಯದ, ಹಳೆ ಊರುಗಳಿಗೆಲ್ಲ ಇದೊಂದೇ ನಿಯಮ ಸಾಕು.

ಇದೇ ಕಾರಣಕ್ಕೆ ಕಾರನ್ನು ಫ್ಲಾರೆನ್ಸ್ ಊರೊಳಗೆ ತಗೊಳ್ಳಬೇಡಿ. ಊರೊಳಗಿನ ಬಾಡಿಗೆ ಕಚೇರಿಗಳ ಸುತ್ತಮುತ್ತಲೇ ಈ ಕ್ಯಾಮೆರಾಗಳಿವೆ, ಒಂದು ತಿರುವು ತಪ್ಪಿದರೆ ಮುಗೀತು. ಪೆರೆತೊಲಾ ವಿಮಾನ ನಿಲ್ದಾಣದಲ್ಲಿ ತಗೊಳ್ಳಿ. ಊರೊಳಗಿನ ರೈಲು ನಿಲ್ದಾಣದ ಹತ್ತಿರದಿಂದ ಟಿ2 ಟ್ರಾಮ್ ಹತ್ತಿದರೆ ಅಲ್ಲಿಗೆ ಇಪ್ಪತ್ತು ನಿಮಿಷ ಆಜುಬಾಜು. ಅಲ್ಲಿಂದ ಹೊರಬಿದ್ದರೆ ನೇರ ಹೆದ್ದಾರಿ, ನಗರದೊಳಗೆ ಕಾಲಿಡುವ ಪ್ರಮೇಯವೇ ಇಲ್ಲ.

ಹೊರಡುವ ಮೊದಲು ಊರಲ್ಲೇ ಆಗಬೇಕಾದ ಕೆಲಸ ಎರಡು. ಒಂದು, ಐಡಿಪಿ, ಅಂದರೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್. ಅದನ್ನು ಕೊಡೋದು ನಮ್ಮ ಆರ್‌ಟಿಓ, ಇಟಲಿಗೆ ಬಂದ ಮೇಲೆ ಸಿಗಲ್ಲ. ನಮ್ಮ ಡಿಎಲ್‌ನಲ್ಲಿ ಇಂಗ್ಲಿಷ್ ಇದೆಯಲ್ಲ, ಸಾಕಲ್ವಾ ಅಂತ ಎಷ್ಟೋ ಜನ ಕೇಳುತ್ತಾರೆ. ಸಾಲದು. ಕೆಲವು ಬಾಡಿಗೆ ಕಂಪನಿಗಳು ಕೇಳದೇ ಗಾಡಿ ಕೊಟ್ಟುಬಿಡುತ್ತವೆ, ಆದರೆ ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ಬೇಕೇ ಬೇಕು, ಅಪಘಾತವಾದರಂತೂ ಇನ್ಶೂರೆನ್ಸಿನವರಿಗೆ ಅದೇ ದೊಡ್ಡ ನೆಪ. ಐಡಿಪಿ ಜೊತೆ ಮೂಲ ಡಿಎಲ್ ಕಾರ್ಡೂ ಇರಲಿ. ಮೊಬೈಲಿನ ಡಿಜಿಲಾಕರ್ ಇಲ್ಲಿ ನಡೆಯಲ್ಲ.

ಎರಡು, ಕ್ರೆಡಿಟ್ ಕಾರ್ಡ್. ಓಡಿಸುವವರ ಹೆಸರಿನಲ್ಲೇ ಇರಬೇಕು. ಕಾರು ನಿಮ್ಮ ಹೆಸರಲ್ಲಿ, ಕಾರ್ಡು ಹೆಂಡತಿಯ ಹೆಸರಲ್ಲಿ ಅಂದರೆ ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ. ಡೆಪಾಸಿಟ್ ಅಂತ ಒಂದಷ್ಟು ನೂರು ಯೂರೋ ಬ್ಲಾಕ್ ಮಾಡುತ್ತಾರೆ, ಆಮೇಲೆ ಬಿಡುತ್ತಾರೆ. ನಮ್ಮ ಬ್ಯಾಂಕುಗಳು ಕಾರ್ಡಿನ ವಿದೇಶಿ ಬಳಕೆಯನ್ನು ಆಫ್ ಮಾಡಿಯೇ ಕೊಟ್ಟಿರುತ್ತವೆ. ಆ್ಯಪಿನಲ್ಲಿ ಅದನ್ನು ಆನ್ ಮಾಡಿ, ಮಿತಿಯನ್ನೂ ಏರಿಸಿಕೊಳ್ಳಿ, ಪಿನ್ ನೆನಪಿಟ್ಟುಕೊಳ್ಳಿ. ಇದನ್ನು ಮರೆತು ಕೌಂಟರ್ ಮುಂದೆ ನಿಂತು ಬೆಂಗಳೂರಿನ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚುವವರನ್ನು ನಾನು ವರ್ಷಕ್ಕೆ ನಾಲ್ಕಾದರೂ ನೋಡುತ್ತೇನೆ.

ಯಾವ ಕಾರು? ಆಟೋಮ್ಯಾಟಿಕ್ ಅಂತ ಬುಕ್ ಮಾಡುವಾಗಲೇ ಸ್ಪಷ್ಟವಾಗಿ ಆರಿಸಿ, ಏನೂ ಹೇಳದಿದ್ದರೆ ಗೇರ್ ಕಾರು ಬರೋದೇ ಜಾಸ್ತಿ. ಎಡಗೈಯಲ್ಲಿ ಗೇರ್ ಹಾಕಿ ರೂಢಿಯಾದವರು ಒಂದೇ ದಿನಕ್ಕೆ ಬಲಗೈಗೆ ಕಲಿಸೋದು ಬೇಡ, ಬೇರೆ ಗಮನಿಸೋಕೆ ಬೇಕಾದಷ್ಟಿದೆ. 150 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ, ತೊಡೆಯ ಮೇಲೆ ಕೂರಿಸಿಕೊಳ್ಳೋದು ಇಲ್ಲಿ ನಡೆಯಲ್ಲ. ಆ ಸೀಟು ಕೂತ ಮೇಲೆ ಹಿಂದೆ ಉಳಿಯುವ ಜಾಗದಲ್ಲಿ ಇಬ್ಬರು ದೊಡ್ಡವರು ಕೂರಬೇಕು. ಸಣ್ಣ ಕಾರಿನಲ್ಲಿ ಅಮ್ಮ ದಿನವಿಡೀ ಒಂದೇ ಮಗ್ಗುಲಲ್ಲಿ ಕೂತ ಹಾಗಾಗುತ್ತದೆ. ಒಂದು ಮೆಟ್ಟಿಲು ಮೇಲಿನದು, ಸ್ಟೇಷನ್ ವ್ಯಾಗನ್ ಥರದ್ದು ತಗೊಳ್ಳಿ. ಏಳು ಸೀಟಿನ ವ್ಯಾನು ಮಾತ್ರ ಬೇಡ, ನೆಲದಡಿಯ ಪಾರ್ಕಿಂಗಿನ ಇಳಿಜಾರಿನಲ್ಲಿ ಅದನ್ನು ತಿರುಗಿಸುವಾಗ ದೇವರು ನೆನಪಾಗುತ್ತಾನೆ. ಅಪ್ಪನನ್ನು ಮುಂದೆ ಕೂರಿಸಿ, ಕಾಲು ಚಾಚಲು ಜಾಗ ಸಿಗುತ್ತದೆ.

ಇನ್ಶೂರೆನ್ಸ್ ವಿಷಯದಲ್ಲಿ ಒಂದೇ ಮಾತು ಕೇಳಿ: ಕಾರಿಗೆ ಏಟಾದರೆ ನನ್ನ ಕೈಯಿಂದ ಎಷ್ಟು ಹೋಗುತ್ತದೆ? ಆ ಮೊತ್ತಕ್ಕೆ ಅಲ್ಲಿ ‘ಫ್ರಾಂಕೀಜಾ’ ಅನ್ನುತ್ತಾರೆ. ಬೆಲೆಯಲ್ಲಿ ಇನ್ಶೂರೆನ್ಸ್ ಸೇರಿದೆ ಅಂದರೂ ಮೊದಲ ಸಾವಿರ ಚಿಲ್ಲರೆ ಯೂರೋ ನಿಮ್ಮದೇ ಆಗಿರಬಹುದು. ದಿನಕ್ಕೆ ಇಷ್ಟು ಅಂತ ಕೊಟ್ಟು ಅದನ್ನು ಸೊನ್ನೆ ಮಾಡಿಸುವ ಆಯ್ಕೆ ಇರುತ್ತದೆ. ನಿಮ್ಮದು ಒಂದೇ ದಿನ, ಮೊದಲ ಸಲ, ಬಲಗಡೆ ಓಡಿಸೋದು. ಕೊಟ್ಟುಬಿಡಿ. ಟೈರು, ಗಾಜು, ಗಾಡಿಯ ಅಡಿಭಾಗ ಅದರಲ್ಲಿ ಸೇರಿದೆಯಾ ಅಂತಲೂ ಕೇಳಿ. ಕೀ ಕೈಗೆ ಬಂದ ಮೇಲೆ ಗಾಡಿಯ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದು ವಿಡಿಯೋ ಮಾಡಿಕೊಳ್ಳಿ. ನಾಲ್ಕೂ ಚಕ್ರದ ರಿಮ್ ಹತ್ತಿರದಿಂದ ಬರಲಿ. ನಮ್ಮವರು ಕಾರು ಉಜ್ಜೋದು ಬಹುತೇಕ ಬಲಗಡೆಯ ರಿಮ್‌ನಲ್ಲೇ.

ಯಾಕೆ ಅಂದರೆ ಇಲ್ಲಿ ನೀವು ಎಡಗಡೆ ಕೂತು ರಸ್ತೆಯ ಬಲಗಡೆ ಓಡಿಸುತ್ತೀರಿ. ಬೆಂಗಳೂರಿನಲ್ಲಿ ನಿಮ್ಮ ಬಲಕ್ಕೆ ಇರುತ್ತಿದ್ದದ್ದು ಬಾಗಿಲು ಮಾತ್ರ, ಇಲ್ಲಿ ಬಲಕ್ಕೆ ಇಡೀ ಕಾರು ಇದೆ. ಕಣ್ಣಿಗೆ ಆ ಅಂದಾಜು ಸಿಗೋವರೆಗೆ ಕಾರು ತಾನೇ ತಾನಾಗಿ ಬಲ ಅಂಚಿಗೆ ಸರಿಯುತ್ತಿರುತ್ತದೆ. ಉಪಾಯ ಇಷ್ಟೇ: ಓಡಿಸುವವರ ಮೈ ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗಿರಬೇಕು. ಊರಲ್ಲೂ ಹಾಗೇ ಅಲ್ವಾ? ಅದೊಂದು ನೆನಪಿದ್ದರೆ ಖಾಲಿ ರಸ್ತೆಯಲ್ಲೂ ತಪ್ಪು ಕಡೆಗೆ ಹೋಗಲ್ಲ. ನೀವು ಮಾರುತಿಯನ್ನೋ ಹ್ಯುಂಡೈಯನ್ನೋ ಓಡಿಸುವವರಾದರೆ ಇನ್ನೊಂದು ತಮಾಷೆ ಕಾದಿದೆ. ಇಲ್ಲಿ ಇಂಡಿಕೇಟರ್ ಎಡಗೈಗೆ, ವೈಪರ್ ಬಲಗೈಗೆ. ಮೊದಲ ಅರ್ಧ ಗಂಟೆ ಪ್ರತಿ ತಿರುವಿನಲ್ಲೂ ವೈಪರ್ ಒಣ ಗಾಜು ಒರೆಸುತ್ತದೆ, ಮಗಳಿಗೆ ನಗು. ಅಪಾಯ ಇರೋದು ಎಡ ತಿರುವಿನಲ್ಲಿ. ನಮ್ಮಲ್ಲಿ ಎಡಕ್ಕೆ ಸಲೀಸಾಗಿ ಜಾರಿಕೊಳ್ಳುತ್ತೇವೆ, ಇಲ್ಲಿ ಎಡಕ್ಕೆ ತಿರುಗೋದು ಅಂದರೆ ಎದುರು ಬರುವವರನ್ನು ದಾಟಿ ಹೋಗೋದು. ಸರ್ಕಲ್‌ಗಳಲ್ಲಿ ಬಲಕ್ಕೆ ನುಗ್ಗಿ ಎಡಕ್ಕೆ ಸುತ್ತಬೇಕು, ಒಳಗೆ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು. ಕೆಂಪು ದೀಪ ಇದ್ದಾಗ ಬಲಕ್ಕೂ ತಿರುಗುವ ಹಾಗಿಲ್ಲ. ಹಾರ್ನ್ ಇದೆ ಅನ್ನೋದನ್ನೇ ಮರೆತುಬಿಡಿ.

ದಾರಿ ಹೇಳುತ್ತೇನೆ. ವಿಮಾನ ನಿಲ್ದಾಣದಿಂದ ಎ11 ಹಿಡಿದು, ಅಲ್ಲಿಂದ ಎ1ರಲ್ಲಿ ರೋಮ್ ದಿಕ್ಕಿಗೆ ಸ್ವಲ್ಪ ದೂರ, ಆಮೇಲೆ ಇಂಪ್ರುನೇತಾ ಅನ್ನುವಲ್ಲಿ ಇಳಿದು ಸಿಯೆನಾ ಅಂತ ಬರೆದಿರುವ ರಸ್ತೆ. ಹಸಿರು ಫಲಕ ಇದ್ದರೆ ಅದು ಔತೊಸ್ತ್ರಾದಾ, ಅಂದರೆ ಟೋಲ್ ಹೆದ್ದಾರಿ. ನೀಲಿ ಇದ್ದರೆ ಟೋಲ್ ಇಲ್ಲದ ರಸ್ತೆ ಅಂತ ಸುಮಾರಾಗಿ ನಂಬಬಹುದು. ಹತ್ತುವಾಗ ಯಂತ್ರದಿಂದ ಚೀಟಿ ತಗೊಳ್ಳಿ, ಇಳಿಯುವಾಗ ದುಡ್ಡು. ಇಷ್ಟು ದೂರಕ್ಕೆ ಒಂದೆರಡು ಯೂರೋ ಆಗಬಹುದು. ಹಳದಿ ಬೋರ್ಡಿನ ‘ತೆಲೆಪಾಸ್’ ಸಾಲಿಗೆ ಮಾತ್ರ ಹೋಗಬೇಡಿ, ಅದು ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ, ನಿಮ್ಮ ಕಾರಿನಲ್ಲಿ ಇರಲ್ಲ. ನೀಲಿ ಬೋರ್ಡು ಕಾರ್ಡಿಗೆ, ಕೈ ಮತ್ತು ನಾಣ್ಯದ ಚಿತ್ರ ಇರೋದು ನಗದಿಗೆ. ತಪ್ಪಿ ಹಳದಿಗೆ ಹೋದರೂ ರಿವರ್ಸ್ ಹಾಕಬೇಡಿ, ಅದು ದೊಡ್ಡ ಅಪರಾಧ. ಸಹಾಯದ ಗುಂಡಿ ಒತ್ತಿದರೆ ಚೀಟಿ ಕೊಟ್ಟು ಬಿಡುತ್ತಾರೆ, ಆಮೇಲೆ ಕಟ್ಟಬಹುದು.

ಸಿಯೆನಾ ರಸ್ತೆ ಉಚಿತ, ಆದರೆ ಹಳೆಯದು, ಕಿರಿದು, ತಿರುವು ಜಾಸ್ತಿ. ವೇಗದ ಕ್ಯಾಮೆರಾಗಳೂ ಇವೆ. ಹಿಂದಿನಿಂದ ಯಾರೋ ಬಂಪರಿಗೆ ಅಂಟಿಕೊಂಡು ಬರುತ್ತಾರೆ. ಬರಲಿ. ಬಲ ಸಾಲಿನಲ್ಲಿ ಫಲಕದ ವೇಗಕ್ಕೆ ಹೋಗುತ್ತಿರಿ. ಸಾಮಾನ್ಯ ಲೆಕ್ಕ ಹೀಗೆ: ಔತೊಸ್ತ್ರಾದಾದಲ್ಲಿ 130, ಮಳೆ ಬಂದರೆ 110, ಊರಾಚೆಯ ಮಾಮೂಲಿ ರಸ್ತೆಯಲ್ಲಿ 90, ಊರೊಳಗೆ 50. ಊರೊಳಗೆ ಅಂತ ಗೊತ್ತಾಗೋದು ಹೇಗೆ? ಬಿಳಿ ಫಲಕದ ಮೇಲೆ ಊರಿನ ಹೆಸರು ಬಂದರೆ ಆ ಕ್ಷಣದಿಂದ 50. ಬೇರೆ ಬೋರ್ಡು ಇರಬೇಕಾಗಿಲ್ಲ. ಅದೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದರೆ ಊರು ಮುಗೀತು ಅಂತ. ಇದು ಗೊತ್ತಿಲ್ಲದೆ ನಾಲ್ಕು ಮನೆಯ ಹಳ್ಳಿಗಳಲ್ಲಿ 80ರಲ್ಲಿ ಹೋಗಿ ಸಿಕ್ಕಿಬಿದ್ದವರು ಬಹಳ ಜನ. ಊರಾಚೆ ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು.

ಕೊಲ್ಲೆ ದಿ ವಾಲ್ ದೆಲ್ಸಾ ದಾಟಿ 68ನೇ ನಂಬರಿನ ರಸ್ತೆಗೆ ಬಿದ್ದ ಮೇಲೆ ಆ ದಿನದ ಬಾಡಿಗೆ ವಸೂಲಾಗಲು ಶುರು. ಮೇ ಕೊನೆಯಲ್ಲಿ ಗೋಧಿ ಇನ್ನೂ ಅರೆ ಹಸಿರು ಅರೆ ಹಳದಿ, ಗುಡ್ಡದ ನೆತ್ತಿಯಲ್ಲೇ ರಸ್ತೆ, ಎರಡೂ ಕಡೆ ಇಳಿಜಾರು, ದೂರದಲ್ಲಿ ವೊಲ್ತೆರಾ ಒಮ್ಮೆ ಎಡಕ್ಕೆ ಕಾಣುತ್ತದೆ, ಒಮ್ಮೆ ಬಲಕ್ಕೆ, ಹತ್ತಿರ ಬಂದ ಹಾಗೇ ಅನಿಸಲ್ಲ. ಮಗಳಿಗೆ ಘಾಟಿಯಲ್ಲಿ ವಾಂತಿ ಆಗುವ ಅಭ್ಯಾಸ ಇದ್ದರೆ ಈ ಭಾಗಕ್ಕೆ ಮೊದಲೇ ಮಾತ್ರೆ ಕೊಟ್ಟಿರಿ. ಒಟ್ಟು 80 ಕಿಲೋಮೀಟರ್ ಆಸುಪಾಸು, ಒಂದೂವರೆ ಗಂಟೆ. ನಿಮಗೆ ಎರಡು ಗಂಟೆ ಇಟ್ಟುಕೊಳ್ಳಿ. ಎಂಟೂವರೆಗೆ ಕಾರು ಕೈಗೆ ಸಿಕ್ಕರೆ ಹತ್ತೂವರೆಗೆ ಊರ ಬುಡದಲ್ಲಿರುತ್ತೀರಿ.

ಮ್ಯಾಪಿನಲ್ಲಿ ಹಾಕಬೇಕಾದ ಹೆಸರು ‘ಲಾ ದೊಗಾನಾ’ ಪಾರ್ಕಿಂಗ್. ಮಾರ್ತಿರಿ ದೆಲ್ಲಾ ಲಿಬೆರ್ತಾ ಚೌಕದ ಅಡಿಯಲ್ಲಿರುವ ನೆಲಮಾಳಿಗೆ ಪಾರ್ಕಿಂಗ್ ಅದು. ಅಲ್ಲಿಂದ ಊರ ಮುಖ್ಯ ಚೌಕಕ್ಕೆ ಕೆಲವೇ ನಿಮಿಷದ ನಡಿಗೆ. ಕೋಟೆಯ ಕೆಳಗೆ ದೊಚ್ಚೊಲಾ ಬುಗ್ಗೆಯ ಹತ್ತಿರವೂ ಪಾರ್ಕಿಂಗ್ ಇದೆ. 1245ರ ಆ ಬುಗ್ಗೆ ಚೆನ್ನಾಗೇ ಇದೆ, ಆದರೆ ಅಲ್ಲಿಂದ ಮೇಲಕ್ಕೆ ಉದ್ದೋ ಉದ್ದ ಮೆಟ್ಟಿಲು. ಮಂಡಿ ನೋವಿನವರನ್ನು ಅಲ್ಲಿ ಇಳಿಸಿದರೆ ಅಪ್ಪ ಉಳಿದ ದಿನ ನಿಮ್ಮ ಜೊತೆ ಮಾತಾಡಲಿಕ್ಕಿಲ್ಲ. ಬೀದಿ ಬದಿ ನಿಲ್ಲಿಸುವ ಸಂದರ್ಭ ಬಂದರೆ ನೆಲದ ಗೆರೆ ನೋಡಿ. ನೀಲಿಗೆ ದುಡ್ಡು, ಬಿಳಿಗೆ ಇಲ್ಲ, ಹಳದಿ ಬೇರೆಯವರಿಗೆ ಮೀಸಲು.

ವೊಲ್ತೆರಾ ಏನು ಅಂತ ಸ್ವಲ್ಪ ತಿಳಿದುಕೊಂಡೇ ಹೋಗಿ, ಇಲ್ಲದಿದ್ದರೆ ಕಂದು ಕಲ್ಲಿನ ಇನ್ನೊಂದು ಊರು ಅನಿಸಿಬಿಡುತ್ತದೆ. ರೋಮನ್ನರಿಗಿಂತ ಮೊದಲು ಇಲ್ಲಿದ್ದವರು ಎಟ್ರಸ್ಕನ್ನರು. ಅವರು ಕಟ್ಟಿದ ದೊಡ್ಡ ಊರುಗಳಲ್ಲಿ ಇದೂ ಒಂದು, ಅವರ ಬಾಯಲ್ಲಿ ಇದರ ಹೆಸರು ವೆಲಾತ್ರಿ. ಆ ಕಾಲದ ಹೆಬ್ಬಾಗಿಲು ಪೋರ್ತಾ ಆಲ್ ಆರ್ಕೊ ಇನ್ನೂ ನಿಂತಿದೆ, ಜನ ಈಗಲೂ ಅದರಡಿ ತರಕಾರಿ ಚೀಲ ಹಿಡಿದು ಓಡಾಡುತ್ತಾರೆ. ಕಮಾನಿನ ಮೇಲೆ ಮೂರು ತಲೆಗಳಿವೆ. ಗಾಳಿ ಮಳೆಗೆ ಕಣ್ಣು ಮೂಗು ಎಲ್ಲ ಕರಗಿ ಈಗ ಮೂರು ಕರಿ ಉಂಡೆಗಳ ಹಾಗೆ ಕಾಣುತ್ತವೆ. 1944ರ ಜೂನ್ ಕೊನೆಯಲ್ಲಿ ಜರ್ಮನ್ ಸೈನ್ಯ ಈ ಬಾಗಿಲನ್ನು ಸಿಡಿಸಿ ದಾರಿ ಮುಚ್ಚಲು ಹೊರಟಿತ್ತು. ಊರವರು ಬೇಡಿಕೊಂಡರು, ದಾರಿಯನ್ನು ನಾವೇ ಮುಚ್ಚಿಕೊಡುತ್ತೇವೆ, ಬಾಗಿಲನ್ನು ಬಿಡಿ ಅಂತ. ಬೀದಿಯ ಹಾಸುಗಲ್ಲುಗಳನ್ನೇ ಕಿತ್ತು ತಂದು 24 ಗಂಟೆಯೊಳಗೆ ಕಮಾನನ್ನು ತುಂಬಿಸಿಬಿಟ್ಟರು. ಬಾಗಿಲು ಉಳಿಯಿತು. ಅಲ್ಲಿಗೆ ಇಳಿಯುವ ಬೀದಿ ಕಡಿದಾಗಿದೆ, ಮತ್ತೆ ಹತ್ತಬೇಕು. ಅಪ್ಪ ಮೇಲಿನ ಚೌಕದಲ್ಲೇ ಕಾಫಿ ಕುಡಿಯುತ್ತಾ ಕೂರಲಿ, ನೀವು ಇಳಿದು ಬನ್ನಿ.

ಆ ಚೌಕದಲ್ಲಿ ಕಾಣುವ ಪಲಾತ್ಸೊ ದೇಯ್ ಪ್ರಿಯೋರಿ ಟಸ್ಕನಿಯ ಅತ್ಯಂತ ಹಳೆಯ ಪುರಸಭೆ ಕಟ್ಟಡ, 1208ರಲ್ಲಿ ಶುರುವಾಗಿದ್ದು. ಫ್ಲಾರೆನ್ಸ್‌ನ ಪಲಾತ್ಸೊ ವೆಕ್ಕಿಯೊ ನೋಡಿರುತ್ತೀರಲ್ಲ, ಅದಕ್ಕೂ ಇದಕ್ಕೂ ಇರುವ ಹೋಲಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಹೊರಗಿಂದ ನೋಡಿದರೆ ಸಾಕು.

ಒಂದೇ ಕಡೆ ಟಿಕೆಟ್ ತಗೊಳ್ಳೋದಾದರೆ ಗ್ವಾರ್ನಾಚ್ಚಿ ಮ್ಯೂಸಿಯಂಗೆ ಹೋಗಿ. ಮಾರಿಯೊ ಗ್ವಾರ್ನಾಚ್ಚಿ ಅನ್ನೋ ಪಾದ್ರಿ 1761ರಲ್ಲಿ ತನ್ನ ಸಂಗ್ರಹವನ್ನೆಲ್ಲ ಊರ ಜನರಿಗೆ ಬರೆದುಕೊಟ್ಟ. ಎಟ್ರಸ್ಕನ್ನರು ಸತ್ತವರ ಬೂದಿ ಇಡುತ್ತಿದ್ದ ಕಲ್ಲಿನ ಪೆಟ್ಟಿಗೆಗಳು ಇಲ್ಲಿ 600ಕ್ಕೂ ಜಾಸ್ತಿ ಇವೆ. ಅಷ್ಟನ್ನೂ ನೋಡಲು ಹೋಗಬೇಡಿ, ಇಪ್ಪತ್ತಾದ ಮೇಲೆ ಯಾರಿಗೂ ತಲೆಗೆ ಹತ್ತಲ್ಲ. ಎರಡನ್ನು ಮಾತ್ರ ಬಿಡಬೇಡಿ. ಒಂದು ‘ಸಂಜೆಯ ನೆರಳು’ ಅನ್ನುವ ಹೆಸರಿನ ಕಂಚಿನ ಹುಡುಗ. ಎತ್ತರ 57 ಸೆಂಟಿಮೀಟರ್, ದಪ್ಪ ಅಗರಬತ್ತಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಸಂಜೆ ಹೊತ್ತು ನಮ್ಮ ನೆರಳು ಉದ್ದವಾಗುತ್ತದಲ್ಲ, ಹಾಗೇ ಎಳೆದಿಟ್ಟ ಮೈ. ಇನ್ನೊಂದು ಒಂದು ಪೆಟ್ಟಿಗೆಯ ಸುಟ್ಟ ಮಣ್ಣಿನ ಮುಚ್ಚಳ, ಅದರ ಮೇಲೆ ಮುದುಕ ಮುದುಕಿ ಒರಗಿ ಕೂತಿದ್ದಾರೆ. 2,000 ವರ್ಷ ಹಳೆಯದು. ಬೇರೆ ಪೆಟ್ಟಿಗೆಗಳ ಮೇಲಿನ ಮುಖಗಳೆಲ್ಲ ಒಂದೇ ಅಚ್ಚಿನವು, ಈ ಇಬ್ಬರು ಮಾತ್ರ ನಿಜವಾದ ಮನುಷ್ಯರು. ಸುಕ್ಕು, ಬಿಗಿದ ತುಟಿ, ಅವಳು ಅವನ ಮುಖಕ್ಕೆ ಮುಖ ಕೊಟ್ಟು ಏನೋ ಕೇಳುತ್ತಿದ್ದಾಳೆ, ಅವನು ಎತ್ತಲೋ ನೋಡುತ್ತಿದ್ದಾನೆ. ನನ್ನ ಅತ್ತೆ ಇದರ ಮುಂದೆ ನಿಂತು, ಸಾಮಾನು ತರಲು ಹೇಳಿದ್ದನ್ನು ಮರೆತು ಬಂದಿದ್ದಾನೆ ಅಂದರು.

ಅಪ್ಪನಿಗೆ ಒಳ್ಳೆಯ ಜಾಗ ರೋಮನ್ ರಂಗಮಂದಿರ. ಒಳಗೆ ಇಳಿಯಬೇಕಾಗಿಲ್ಲ. ಮೇಲಿನ ಕೋಟೆ ಗೋಡೆಯ ಬೀದಿಯಿಂದ ಇಡೀ ರಂಗಮಂದಿರ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ, ದುಡ್ಡೂ ಇಲ್ಲ. ಇದು 1950ರ ದಶಕದವರೆಗೆ ಮಣ್ಣಿನಡಿ ಇತ್ತು. ಊರಿನ ಎನ್ರಿಕೊ ಫ್ಯೂಮಿ ಅನ್ನುವವರು ಅಗೆಸಿದರು, ಅಗೆದ ಕೈಗಳಲ್ಲಿ ಹಲವು ಇಲ್ಲಿನ ಮಾನಸಿಕ ಆಸ್ಪತ್ರೆಯ ರೋಗಿಗಳದ್ದು.

ಮಗಳಿಗೆ ಇದೆಲ್ಲ ಬೇಜಾರು ಬರಬಹುದು. ಅವಳನ್ನು ಅಲಬಾಸ್ಟರ್ ಕೆತ್ತುವವರ ಹತ್ತಿರ ಕರೆದುಕೊಂಡು ಹೋಗಿ. ಇದು ಜಿಪ್ಸಮ್ ಜಾತಿಯ ಮೆತ್ತನೆ ಕಲ್ಲು, ತೆಳ್ಳಗೆ ಮಾಡಿದರೆ ಬೆಳಕು ಒಳಗಿಂದ ಹಾಯುತ್ತದೆ. ಬೀದಿಯಲ್ಲಿ ನಡೆಯುವಾಗ ತೆರೆದ ಬಾಗಿಲಿನಿಂದ ಲೇತ್ ಗುಯ್ಗುಟ್ಟುವ ಸದ್ದು ಕೇಳಿದರೆ ಇಣುಕಿ. ಗೋಡೆ, ಬಲ್ಬು, ರೇಡಿಯೊ, ಕೆಲಸಗಾರನ ಹುಬ್ಬು, ಎಲ್ಲದರ ಮೇಲೂ ಅಕ್ಕಿ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ ಪುಡಿ. ‘ಪೆರ್ಮೆಸ್ಸೊ?’ ಅಂದರೆ ಬರಲಾ ಅಂತ. ತಲೆಯಾಡಿಸಿದರೆ ಒಳಗೆ ಹೋಗಿ. ಅಂಗಡಿಗಳಲ್ಲಿ ಸಿಗುವ ಮೊಟ್ಟೆ, ಹಣ್ಣು, ಬಟ್ಟಲುಗಳಲ್ಲಿ ಎಲ್ಲವೂ ಈ ಊರಲ್ಲೇ ಮಾಡಿದ್ದಲ್ಲ. ಕೆತ್ತುತ್ತಿರುವವರ ಕೈಯಿಂದಲೇ ಒಂದು ಚಿಕ್ಕದು ಕೊಳ್ಳಿ.

ಊಟದ ಹೊತ್ತು ತಪ್ಪಿಸಿದರೆ ಉಪವಾಸ. ಹೋಟೆಲುಗಳು ಹನ್ನೆರಡೂವರೆಗೆ ತೆರೆದು ಎರಡೂವರೆಗೆ ಒಲೆ ಆರಿಸುತ್ತವೆ, ಆಮೇಲೆ ರಾತ್ರಿಯೇ. ಒಂದು ಗಂಟೆಯೊಳಗೆ ಕೂತಿರಿ. ಈ ಭಾಗದ ಮೆನುವಿನಲ್ಲಿ ಎದ್ದು ಕಾಣೋದು ‘ಚಿಂಗ್ಯಾಲೆ’, ಕಾಡುಹಂದಿ. ಪಾಸ್ತಾದಲ್ಲೂ ಅದೇ, ಪಲ್ಯದಲ್ಲೂ ಅದೇ. ಕೇಳುವಾಗ ಬರೀ ಮಾಂಸ ಬೇಡ ಅಂದರೆ ಸಾಲದು, ಮೀನು ಮತ್ತು ಮಾಂಸದ ಸಾರು ಬೇರೆ ಲೆಕ್ಕ ಅವರಿಗೆ. ‘ಸೆಂಝಾ ಕಾರ್ನೆ, ಸೆಂಝಾ ಪೆಶೆ, ಸೆಂಝಾ ಬ್ರೋದೊ ದಿ ಕಾರ್ನೆ’ ಅಂತ ಮೂರನ್ನೂ ಹೇಳಿ. ‘ಪಿಚಿ ಆಲ್ಲಿಯೋನೆ’ ನಿಮಗೆ ಹಿಡಿಸುತ್ತದೆ, ದಪ್ಪ ಶಾವಿಗೆಯಂಥ ಪಾಸ್ತಾಗೆ ಟೊಮೆಟೊ, ಬೆಳ್ಳುಳ್ಳಿ ಗೊಜ್ಜು. ‘ರಿಬೊಲ್ಲಿತಾ’ ಅನ್ನೋದು ಬ್ರೆಡ್ಡು, ಸೊಪ್ಪು, ಕಾಳು ಕುದಿಸಿದ ಗಟ್ಟಿ ಸಾರು, ಸಾರಿನ ವಿಷಯ ಕೇಳಿಯೇ ತರಿಸಿ. ಇಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಅಡುಗೆಯವರು ಮರೆತದ್ದಲ್ಲ. ಚಟ್ನಿಪುಡಿ ಜೇಬಲ್ಲಿರಲಿ.

ಅಮ್ಮ ಕಟ್ಟುನಿಟ್ಟಿನವರಾದರೆ ಚೀಸ್ ಬಗ್ಗೆ ಒಂದು ಮಾತು. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಆದರೆ ವೊಲ್ತೆರಾದ ಸುತ್ತ ಮಾಡುವ ‘ಪೆಕೊರೀನೊ ದೆಲ್ಲೆ ಬಾಲ್ತ್ಸೆ ವೊಲ್ತೆರಾನೆ’ ಅನ್ನೋ ಕುರಿ ಹಾಲಿನ ಚೀಸನ್ನು ಕಾಡು ಮುಳ್ಳುಗಿಡದ ಹೂವಿನಿಂದ ಒಡೆಸುತ್ತಾರೆ. ಅಷ್ಟು ಹೆಸರಿಗೇ ಗುರುತಿನ ಮುದ್ರೆ ಇದೆ, ಪೂರ್ತಿ ಹೆಸರು ನೋಡಿಯೇ ಕೊಳ್ಳಿ. ಬರೀ ಪೆಕೊರೀನೊ ಅಂದರೆ ಈ ಖಾತ್ರಿ ಇಲ್ಲ.

ಮೂರೂವರೆ, ನಾಲ್ಕಕ್ಕೆ ಎಲ್ಲರ ಮುಖ ನೋಡಿ. ದಣಿದಿದ್ದರೆ ನೇರ ವಾಪಸ್. ಉತ್ಸಾಹ ಇದ್ದರೆ 68ರಲ್ಲೇ ಹಿಂದಿರುಗಿ ಕಾಸ್ತೆಲ್ ಸಾನ್ ಜಿಮಿನ್ಯಾನೊ ಹತ್ತಿರ ಎಡಕ್ಕೆ ತಿರುಗಿದರೆ ಸಾನ್ ಜಿಮಿನ್ಯಾನೊ, ಒಟ್ಟು 30 ಕಿಲೋಮೀಟರ್, ಮುಕ್ಕಾಲು ಗಂಟೆ. ಹೆಸರು ಒಂದೇ ಥರ ಇದೆ, ಮೊದಲನೆಯದು ದಾರಿಯ ಸಣ್ಣ ಹಳ್ಳಿ, ಮ್ಯಾಪಿನಲ್ಲಿ ಅದನ್ನು ಹಾಕಿಬಿಡಬೇಡಿ. ಒಂದು ಕಾಲಕ್ಕೆ 72 ಗೋಪುರ ಇದ್ದವಂತೆ ಇಲ್ಲಿ, ಈಗ ಉಳಿದದ್ದು 14. ಪಕ್ಕದ ಮನೆಯವನಿಗಿಂತ ನನ್ನದು ಎತ್ತರ ಇರಲಿ ಅಂತ ಸಿರಿವಂತರು ಕಟ್ಟಿಕೊಂಡದ್ದು. ಮಧ್ಯಾಹ್ನ ಇಲ್ಲಿ ಕಾಲಿಡಲು ಜಾಗ ಇರಲ್ಲ, ಐದರ ಮೇಲೆ ಪ್ರವಾಸಿ ಬಸ್ಸುಗಳು ಹೊರಟು ಊರು ಉಸಿರಾಡುತ್ತದೆ. ಮೊಂತೆಮಾಜ್ಜೊ ಪಾರ್ಕಿಂಗ್ ಹಾಕಿ, ಅದು ಸಾನ್ ಜೊವಾನ್ನಿ ಬಾಗಿಲಿಗೆ ಹತ್ತಿರ. ಒಳಗೆ ಬಾವಿ ಇರುವ ಚೌಕದವರೆಗೆ ನಿಧಾನ ಏರು. ಅಪ್ಪ ಬಾವಿಯ ಕಟ್ಟೆಯ ಮೆಟ್ಟಿಲ ಮೇಲೆ ಕೂರಬಹುದು, ಎಲ್ಲರೂ ಅಲ್ಲೇ ಕೂರೋದು. ಇಲ್ಲಿನ ಕೇಸರಿಗೆ ಹೆಸರಿದೆ. ಇಲ್ಲಿನ ವೆರ್ನಾಚ್ಚಾ ವೈನಿಗೂ ಇದೆ, ಆದರೆ ಓಡಿಸುವವರು ಬಾಟಲಿ ಕೊಂಡುಕೊಂಡು ರೂಮಿಗೆ ಹೋಗಿ ತೆರೆಯಿರಿ.

ಮೇ ಕೊನೆಯಲ್ಲಿ ಎಂಟೂವರೆವರೆಗೂ ಬೆಳಕಿರುತ್ತದೆ, ಹಾಗಾಗಿ ಏಳಕ್ಕೆ ಹೊರಟರೂ ಪೋಜ್ಜಿಬೊನ್ಸಿ ದಾಟಿ ಹೆದ್ದಾರಿ ಹಿಡಿಯಲು ಕತ್ತಲಾಗಲ್ಲ. ಜೂನ್ 2 ಇಲ್ಲಿ ಗಣರಾಜ್ಯ ದಿನದ ರಜೆ, ಆ ದಿನ ಮಾತ್ರ ಇಟ್ಟುಕೊಳ್ಳಬೇಡಿ, ಅರ್ಧ ಇಟಲಿ ರಸ್ತೆಯಲ್ಲಿರುತ್ತದೆ. ಬುಕ್ ಮಾಡುವಾಗ ವಾಪಸ್ ಕೊಡುವ ಕಚೇರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಮುಚ್ಚಿದ ಮೇಲೆ ಕೀ ಎಲ್ಲಿ ಹಾಕಬೇಕು ಅಂತ ಕೇಳಿಟ್ಟುಕೊಳ್ಳಿ. ವಿಮಾನ ನಿಲ್ದಾಣದ ಹತ್ತಿರ ಇಂಧನ ತುಂಬಿಸಿ. ‘ಬೆನ್ಝೀನಾ’ ಪೆಟ್ರೋಲು, ‘ಗಝೋಲಿಯೊ’ ಡೀಸೆಲ್. ನಿಮ್ಮ ಗಾಡಿಗೆ ಯಾವುದು ಅಂತ ಕಾರು ತಗೊಳ್ಳುವಾಗಲೇ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ‘ಸೆರ್ವಿತೊ’ ಅಂದರೆ ಅವರು ಹಾಕಿಕೊಡೋದು, ದರ ಜಾಸ್ತಿ. ನಾವೇ ಹಾಕಿಕೊಳ್ಳುವ ಯಂತ್ರಕ್ಕೆ ಕಾರ್ಡು ತೋರಿಸಿದರೆ ನೂರು ಯೂರೋ ಹತ್ತಿರ ತಡೆಹಿಡಿದು, ಆಮೇಲೆ ಹಾಕಿಕೊಂಡಷ್ಟೇ ತಗೊಳ್ಳುತ್ತದೆ. ಮೆಸೇಜ್ ನೋಡಿ ಗಾಬರಿಯಾಗಬೇಡಿ. ಕಾರು ನಿಲ್ಲಿಸಿದ ಮೇಲೆ ಇಂಧನದ ಮುಳ್ಳು, ಕಿಲೋಮೀಟರ್, ನಾಲ್ಕು ರಿಮ್ಮು, ಇಷ್ಟರ ಫೋಟೊ ತೆಗೆದುಕೊಂಡು ಟ್ರಾಮ್ ಹತ್ತಿ. ಆ ಫೋಟೊಗಳನ್ನು ಒಂದು ವರ್ಷ ಅಳಿಸಬೇಡಿ.